ಸಾಸಿವೆ ಡಬ್ಬಿಗೆ ದುರ್ಬೀನಿನ ಮುಚ್ಚಳ

ಶುಕ್ರವಾರ ಬೆಳಗಿನ ಅವಲಕ್ಕಿ ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ವಾರವಿಡೀ ಅಡುಗೆಮನೆಯತ್ತ ಸುಳಿಯದೆ, ರಜೆಯ ದಿನ ಒಂದೇ ಒಂದು ಒಗ್ಗರಣೆ ಹಾಕಿ, ಅದನ್ನೇ ಮುಂದಿನ ಗುರುವಾರದವರೆಗೂ ಹೇಳಿಕೊಂಡು ತಿರುಗುವ ಗಂಡಸರಿದ್ದಾರಲ್ಲ, ಆ ಜಾತಿಯವನು ನಾನು. ಇವತ್ತೂ ಎಣ್ಣೆ ಕಾಯಲಿಟ್ಟು ಡಬ್ಬಿಗಳ ಸಾಲಿನಲ್ಲಿ ಕೈಯಾಡಿಸುತ್ತಿದ್ದಾಗ ಬೆರಳಿಗೆ ಒಂದು ಕಪ್ಪು ಮುಚ್ಚಳ ತಗುಲಿತು. ಅಂಗೈ ಅಗಲದ ಪ್ಲಾಸ್ಟಿಕ್ ಮುಚ್ಚಳ. ಎಂಟು ವರ್ಷದಿಂದ ಅದು ನಮ್ಮ ಸಾಸಿವೆ ಡಬ್ಬಿಯ ಮೇಲೆ ಕೂತಿದೆ. ಡಬ್ಬಿಯ ಸ್ವಂತ ಮುಚ್ಚಳ ನಾವು ಇಲ್ಲಿ ಒಮಾನಿನಲ್ಲೇ ನಿಜ್ವಾ ಊರಿನಿಂದ ರಾಜಧಾನಿಯ ಅಲ್ ಮವಾಲೇಹ್‌ಗೆ ಮನೆ ಬದಲಿಸುವಾಗ ಕಳೆದುಹೋಯಿತು. ಅದೇ ಗಡಿಬಿಡಿಯಲ್ಲಿ ನನ್ನ ಹಳೆಯ ಪ್ಯಾಂಟಿನ ಜೇಬಿನಿಂದ ಇದು ಹೊರಬಿತ್ತು. ನನ್ನ ಹೆಂಡತಿ ಗಿರಿಜಾ ಎರಡಕ್ಕೂ ಗಂಟುಹಾಕಿದಳು.

"ಏನ ಹುಡಕಾಕತ್ತೀರಿ ಅಷ್ಟೊತ್ತಿನಿಂದ?" ಹಾಲ್‌ನಲ್ಲಿ ಮಗಳ ಜೊತೆ ಕೂತಿದ್ದ ಅವಳ ದನಿ.

"ಸಾಸಿವಿ."

"ಕರೀ ಮುಚ್ಚಳದ್ದು. ಕಣ್ಣ ಮುಂದ ಐತಿ ನೋಡ್ರಿ."

"ಈ ಅಡಗಿಮನ್ಯಾಗ ಬೆಳಕ ಸಾಲೂದಿಲ್ಲ."

"ಹೋದ ತಿಂಗಳಷ್ಟ ಹೊಸಾ ಲೈಟ್ ಹಾಕ್ಸೇವಿ."

ಇತ್ತೀಚೆಗೆ ಲೋಕದ ದೀಪಗಳ ಮೇಲೆಲ್ಲ ನನಗೊಂದು ದೂರಿದೆ. ಅಲ್ ಖುವೈರ್‌ನಿಂದ ಸಂಜೆ ಕೆಲಸ ಮುಗಿಸಿ ಮನೆಗೆ ಬರುವಾಗ ಹೆದ್ದಾರಿಯಲ್ಲಿ ಎದುರಿನ ಕಾರುಗಳ ದೀಪಗಳು ಸೇವಂತಿಗೆಯಂತೆ ಅರಳಿಕೊಳ್ಳುತ್ತವೆ. ಕಾರಿನ ಗಾಜು ಕೊಳಕಾಗಿದೆ ಎಂದು ವಾರಕ್ಕೆ ಎರಡು ಸಲ ತೊಳೆಸುತ್ತಿದ್ದೇನೆ. ಬೇರೆ ಯಾರಾದರೂ ಬಂದು ಹೀಗೆಂದರೆ ಏನು ಹೇಳಬೇಕೆಂದು ನನಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಅದನ್ನೇ ಹೇಳಿ ಸಂಬಳ ಪಡೆದಿದ್ದೇನೆ.

ನೀವು ಕಣ್ಣಿನ ದವಾಖಾನೆಗೆ ಹೋದಾಗ, ಡಾಕ್ಟರನ್ನು ಕಾಣುವ ಮೊದಲು ನಿಮ್ಮನ್ನು ಒಂದು ಕತ್ತಲೆ ಕೋಣೆಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಹೇರಿ, ಗಾಜು ಬದಲಿಸುತ್ತ "ಇದು ಸ್ಪಷ್ಟವೋ, ಅದು ಸ್ಪಷ್ಟವೋ" ಎಂದು ಪ್ರಾಣ ತಿನ್ನುವವನೊಬ್ಬ ಇರುತ್ತಾನೆ. ಅವನೇ ನಾನು. ಡಾಕ್ಟರಲ್ಲ. ಬಾಗಲಕೋಟೆಯಲ್ಲಿ ನನ್ನ ಮಾವನವರು ಡಾಕ್ಟರೆಂದೇ ಹೇಳಿಕೊಂಡಿದ್ದಾರೆ, ಹಿರಿಯರ ಮಾತನ್ನು ತಿದ್ದಬಾರದೆಂದು ನಾನು ಸುಮ್ಮನಿದ್ದೇನೆ. ಆ ಪ್ರಶ್ನೆ ನನಗೆಷ್ಟು ಅಂಟಿಕೊಂಡಿದೆಯೆಂದರೆ, ತರಕಾರಿ ಮಾರ್ಕೆಟ್ಟಿನಲ್ಲಿ ಎರಡು ಬದನೆಕಾಯಿಗಳನ್ನು ಗಿರಿಜಾಳ ಮುಖದೆದುರು ಒಂದಾದ ಮೇಲೊಂದು ಹಿಡಿದು "ಇದೋ, ಅದೋ" ಎನ್ನುತ್ತೇನೆ. "ಎರಡೂ ಹುಳಕ" ಎಂದು ಅವಳು ಮುಂದಕ್ಕೆ ಹೋಗುತ್ತಾಳೆ.

ಇರಲಿ, ಮುಚ್ಚಳಕ್ಕೆ ಬರೋಣ. ಅದು ಡಬ್ಬಿಯದಲ್ಲ, ಬೇಟೆಗೆಂದು ಕೊಂಡ ದುರ್ಬೀನಿನದು. ಅದನ್ನು ಆರಿಸಿಕೊಟ್ಟವನು ನಾನೇ. ಸೊಳ್ಳೆ ಹೊಡೆದರೂ ಕೈ ತೊಳೆದುಕೊಳ್ಳುವ ಮನೆಯಿಂದ ಬಂದ ನಾನು ಬೇಟೆಯ ಸಾಮಾನು ಆರಿಸಿದ್ದು ಹೇಗೆಂದು ಕೇಳಬೇಕಾದರೆ ನೀವು ನನ್ನ ಜೊತೆ ನಿಜ್ವಾಕ್ಕೆ ಬರಬೇಕು.

ಅಲ್ಲಿನ ಒಂದು ಕಣ್ಣಿನ ದವಾಖಾನೆಯಲ್ಲಿ ನಾನಿದ್ದ ಕಾಲ. ಹಮೂದ್ ಎಂಬ ಹಿರಿಯರಿದ್ದರು. ಎಪ್ಪತ್ತು ದಾಟಿದ್ದರು. ಖರ್ಜೂರದ ತೋಟ, ಐವರು ಗಂಡುಮಕ್ಕಳು, ಸೊಂಟಕ್ಕೆ ಹಳೆಯ ಬೆಳ್ಳಿಯ ಖಂಜರ್ ಬಾಕು ಕಟ್ಟಿದರೆ ಈಗಲೂ ಮದುಮಗನ ಗತ್ತು. ಊರವರೆಲ್ಲ ಅವರನ್ನು 'ಅಲ್ ವಾಲಿದ್' ಎನ್ನುತ್ತಿದ್ದರು, ತಂದೆಯೆಂಬ ಗೌರವದ ಮಾತು. ನಮ್ಮ ಮನೆಯಲ್ಲಿ ಅವರು ಹಮೂದಜ್ಜ. ಅವರ ಹಿಂದಿ ಯೌವನದಲ್ಲಿ ಮುಂಬಯಿ ಬಂದರಿನಲ್ಲಿ ಕಲಿತದ್ದು, ನನ್ನದು ಬಾಗಲಕೋಟೆಯ ಶಾಲೆಯಲ್ಲಿ ಕಲಿತದ್ದು. ಎರಡೂ ಅರ್ಧರ್ಧ ಇದ್ದುದರಿಂದ ಕೂಡಿಸಿದರೆ ಒಂದು ಪೂರ್ತಿ ಭಾಷೆಯಾಗುತ್ತಿತ್ತು. ಆ ಭಾಷೆಯನ್ನು ನಿಮಗೆ ಕನ್ನಡದಲ್ಲೇ ಕೊಡುತ್ತೇನೆ.

ಪರಿಚಯವಾಗಿ ನಾಲ್ಕು ವರ್ಷವಾದ ಮೇಲೆ ಅವರು ಮೊದಲ ಸಲ ಕಣ್ಣು ತೋರಿಸಲು ಬಂದದ್ದು ಮಗ ಸಾಲಿಮ್‌ನ ಬಲವಂತಕ್ಕೆ. ಓದು ಬಾರದವರಿಗೆಂದು ನಮ್ಮಲ್ಲೊಂದು ಫಲಕ ಇರುತ್ತದೆ. ಮೂರು ಹಲ್ಲಿನ ಹಣಿಗೆಯಂಥ ಗುರುತುಗಳು, ಹಲ್ಲು ಯಾವ ಕಡೆಗಿದೆ ಎಂದು ರೋಗಿ ಹೇಳಬೇಕು. ಹಮೂದಜ್ಜ ಕುರ್ಚಿಯಲ್ಲಿ ಕೂತವರೇ, "ಬಲಕ್ಕೆ, ಮೇಲಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ, ಕೆಳಕ್ಕೆ" ಎಂದು ಸರಾಗವಾಗಿ ಒಪ್ಪಿಸಿದರು. ಒಂದೂ ತಪ್ಪಿಲ್ಲ. ತೊಂದರೆಯೆಂದರೆ ನಾನಿನ್ನೂ ಫಲಕದ ದೀಪವನ್ನೇ ಹಾಕಿರಲಿಲ್ಲ. ಹೊರಗಿನ ಬೆಂಚಿನಲ್ಲಿ ಕೂತು ತಮಗಿಂತ ಮೊದಲು ಹೋದ ಇಬ್ಬರು ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದರು.

ಡಾಕ್ಟರು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿದೆ, ಆಪರೇಷನ್ ಮಾಡಬೇಕು ಎಂದರು. ಹಮೂದಜ್ಜ ನಯವಾಗಿ ಕೇಳಿಸಿಕೊಂಡು, ನಯವಾಗಿ ಎದ್ದು, ಕಾರಿಡಾರಿನಲ್ಲಿ ನನ್ನ ತೋಳು ಹಿಡಿದರು.

"ಆಪರೇಷನ್ ಬೇಡ. ಶಿಕಾರಿಗೆ ಹೋಗಲು ಒಂದು ಒಳ್ಳೆಯ ದರ್ಬೀಲ್ ಬೇಕು. ನೀನು ಕಣ್ಣಿನವನು. ನೀನೇ ಆರಿಸಿಕೊಡು."

ನಮ್ಮ ದುರ್ಬೀನೇ ಅಲ್ಲಿ ದರ್ಬೀಲ್. ಅದು ತಿಳಿಯಿತು, ಆದರೆ ಶಿಕಾರಿ ಎಂದದ್ದಕ್ಕೆ ನಾನು ಮೆಲ್ಲನೆ ತೋಳು ಬಿಡಿಸಿಕೊಂಡೆ. ಕಾಡು ಮೇಕೆ, ಜಿಂಕೆ ಹೊಡೆದರೆ ಇಲ್ಲಿ ಜೈಲು, ಹೊಡೆದವರ ಜೊತೆಗಿದ್ದ ವಿದೇಶಿಯ ಗತಿ ಏನೆಂದು ನಾನು ಲೆಕ್ಕ ಹಾಕತೊಡಗಿದೆ. ಅವರು ನಕ್ಕರು. ಅವರ ಬೇಟೆ ಜೇನಿನದು. ನಮ್ಮ ಬಾರಿ ಅಥವಾ ಎಲಚಿಹಣ್ಣಿನ ಗಿಡದ ಬಳಗದ ಸಿದ್ರ್ ಮರ ಹೂ ಬಿಟ್ಟಾಗ, ಬೆಟ್ಟದ ಬಂಡೆಗಳ ಸಂದಿಯಲ್ಲಿ ಕಾಡುಜೇನು ಕಟ್ಟುತ್ತದೆ. ವಾದಿಯ, ಅಂದರೆ ಬತ್ತಿದ ಹಳ್ಳದ, ನೀರು ಜಿನುಗುವ ಜಾಗದಲ್ಲಿ ಬೋರಲು ಮಲಗಿ, ನೀರು ಕುಡಿದ ಹುಳು ಯಾವ ದಿಕ್ಕಿಗೆ ಹಾರಿತೆಂದು ನೋಡಿ, ಅದರ ಹಿಂದೆ ಹೋಗಿ ಗೂಡು ಹುಡುಕಬೇಕು. ಕಂಡವನು ಕೆಳಗೆ ಮೂರು ಕಲ್ಲು ಪೇರಿಸಿಟ್ಟರೆ ಮುಗಿಯಿತು, ಆ ಗೂಡು ಅವನದು, ಬೇರೆ ಯಾರೂ ಮುಟ್ಟುವುದಿಲ್ಲ. ಹಮೂದಜ್ಜನ ಕಲ್ಲುಗಳು ಆ ಸೀಮೆಯಲ್ಲೆಲ್ಲ ಇದ್ದವು. ಐವತ್ತು ವರ್ಷದಲ್ಲಿ ಅವರು ಒಂದು ಹಂಗಾಮೂ ತಪ್ಪಿಸಿರಲಿಲ್ಲ.

ಆದರೆ ಹಿಂದಿನ ತಿಂಗಳು ಅವರು ಸ್ವಂತ ತೋಟದ ನೀರಿನ ಕಾಲುವೆಗೆ ಕಾಲಿಟ್ಟು ಬಿದ್ದಿದ್ದರು. ಸಾಲಿಮ್ ಷರತ್ತು ಹಾಕಿದ್ದ. ಈ ಸಲ ಅಪ್ಪ ನಮ್ಮೆದುರಿಗೆ ಒಂದು ಜೇನನ್ನಾದರೂ ಕಂಡು ತೋರಿಸಲಿ, ಬೆಟ್ಟಕ್ಕೆ ಬಿಡುತ್ತೇವೆ. ಇಲ್ಲವಾದರೆ ಖಲಾಸ್, ಮನೆಯಲ್ಲೇ ಇರಲಿ.

"ಮನೆಯಲ್ಲಿ ಕೂತರೆ ನಾನು ಮುದುಕನಾಗುತ್ತೇನೆ" ಎಂದರು ಹಮೂದಜ್ಜ. ದನಿಯಲ್ಲಿ ನಗುವಿರಲಿಲ್ಲ.

ನಾನು ಅಲ್ಲೇ ಹೇಳಬೇಕಿತ್ತು. ಪೊರೆ ಬಂದ ಕಣ್ಣಿಗೆ ದುರ್ಬೀನು ಹಿಡಿದರೆ ಮಂಜು ಇನ್ನಷ್ಟು ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ಆದರೆ ನಾಲ್ಕು ವರ್ಷದಿಂದ ಅವರ ಮನೆಯ ಚಾಪೆಯ ಮೇಲೆ ಕೂತು ಅವರ ಹಲ್ವಾ ತಿಂದಿದ್ದೆ. ಅದಕ್ಕಿಂತ ಹೆಚ್ಚಾಗಿ, "ನೀನು ಕಣ್ಣಿನವನು" ಎಂದು ಒಬ್ಬ ಹಿರಿಯ ನಂಬಿ ಕೇಳಿದಾಗ ನನ್ನ ಎದೆ ಸ್ವಲ್ಪ ಉಬ್ಬಿತ್ತು. ಉಬ್ಬಿದ ಎದೆಯಿಂದ ನಿಜ ಹೊರಡುವುದು ಕಷ್ಟ.

ಮನೆಯಲ್ಲಿ ವಿಷಯ ಹೇಳಿದೆ. "ಬ್ಯಾಟಿ ಸಾಮಾನು ನಮ್ಮ ಮನ್ಯಾಗ ತರಬ್ಯಾಡ್ರಿ" ಎಂದಳು ಗಿರಿಜಾ.

"ಜಿಂಕಿ ಅಲ್ಲ, ಜೇನು."

"ಹುಳದ ಬಾಯಾಗಿಂದು ಕಸಗೊಂಡ್ರ ಪಾಪ ಇಲ್ಲೇನು?"

ಮರುದಿನ ಸತ್ಯನಾರಾಯಣ ಪೂಜೆಯ ಪಂಚಾಮೃತಕ್ಕೆ ಹಮೂದಜ್ಜ ಕೊಟ್ಟಿದ್ದ ಜೇನನ್ನೇ ಸುರಿದಳು. ನಾನು ನೋಡಿದ್ದನ್ನು ನೋಡಿ, "ಇದು ಹೋದ ವರ್ಷದ್ದು" ಎಂದಳು. ಹಳೆಯ ಪಾಪಕ್ಕೆ ರಿಯಾಯಿತಿ ಇರಬೇಕು.

ಒಂದು ವಾರ ನಾನು ಯೂಟ್ಯೂಬಿನಲ್ಲಿ ದುರ್ಬೀನಿನ ಪಂಡಿತನಾದೆ. ಎರಡು ಕಣ್ಣಿಗೆ ಹಿಡಿಯುವುದು ಬೇರೆ, ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಒಂದೇ ಕಣ್ಣಿನಿಂದ ನೋಡುವುದು ಬೇರೆ. ಬೇಟೆಗಾರರಿಗೆ ಬೇಕಾದದ್ದು ಎರಡನೆಯದು, ಸ್ಪಾಟಿಂಗ್ ಸ್ಕೋಪ್. ಅರವತ್ತು ಪಟ್ಟು ದೊಡ್ಡದು ಮಾಡುತ್ತದೆಂದು ಹಿಗ್ಗಬಾರದು. ಪಟ್ಟು ಏರಿದಂತೆ ನೋಟ ಇಕ್ಕಟ್ಟಾಗುತ್ತದೆ, ಬೆಳಕು ಕುಂದುತ್ತದೆ, ಕೈ ತಗುಲಿದರೆ ಬೆಟ್ಟವೇ ಅದುರುತ್ತದೆ. ಅದರ ಮೇಲೆ ನಮ್ಮ ಒಮಾನಿನ ಬಿಸಿಲು. ಹೊತ್ತು ಏರಿದರೆ ನೆಲದಿಂದ ಏಳುವ ಝಳಕ್ಕೆ ಬಂಡೆಗಳು ಗಂಜಿಯಂತೆ ಕುದಿಯುವುದು ಕಾಣುತ್ತದೆ. ಇಷ್ಟೆಲ್ಲ ಕಲಿತು ನಾನು ದವಾಖಾನೆಯಲ್ಲಿ ಎಲ್ಲರಿಗೂ ಉಪದೇಶ ಮಾಡಿದೆ. ಜನ ನನ್ನನ್ನು ಕಂಡರೆ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತುತ್ತಿದ್ದರು.

ಒಂದು ಶನಿವಾರ ಸಾಲಿಮ್ ನಮ್ಮಿಬ್ಬರನ್ನೂ ಕಾರಿನಲ್ಲಿ ಅಲ್ ಖುವೈರ್‌ಗೆ ಕರೆತಂದ. ಗುಡಾರ, ಗಾಳ, ದುರ್ಬೀನು ಮಾರುವ ಅಂಗಡಿ. ಸೇಲ್ಸ್‌ಮನ್ ಲ್ಯಾನ್ಸಿ ಉಡುಪಿ ಕಡೆಯವರು. ನನ್ನ ಕನ್ನಡ ಕೇಳಿದ ಕೂಡಲೇ ಅವರ ಮುಖ ಅರಳಿತು.

"ಊರಿನವರಾ? ಕೂತ್ಕೊಳ್ಳಿ ಮಾರಾಯ್ರೆ. ಎಂತ ಬೇಕು?"

ನಾನು ಕಲಿತದ್ದನ್ನೆಲ್ಲ ಒಪ್ಪಿಸಿದೆ. ಅವರು ತಾಳ್ಮೆಯಿಂದ ಕೇಳಿ, "ಯೂಟ್ಯೂಬಾ?" ಎಂದರು.

ಮೂರು ದುರ್ಬೀನುಗಳನ್ನು ಬಾಗಿಲಿನ ಬಳಿ ಸಾಲಾಗಿ ನಿಲ್ಲಿಸಿದರು. ಗಿರಾಕಿಗಳೆಲ್ಲ ಹೆದ್ದಾರಿಯ ಆಚೆಗಿನ ಹೋಟೆಲಿನ ಬೋರ್ಡು ಓದಿ ಪರೀಕ್ಷಿಸುವುದು ಅಲ್ಲಿನ ರೂಢಿ. ನಾನು ಹಮೂದಜ್ಜನ ಹಿಂದೆ ನಿಂತು, ಚಟ ಬಿಡಬೇಕಲ್ಲ, "ಇದು ಸ್ಪಷ್ಟವೋ, ಅದು ಸ್ಪಷ್ಟವೋ" ಎಂದೆ. ಅವರು ಮೂರರಲ್ಲೂ ಇಣುಕಿ ಮೆಚ್ಚುಗೆಯಿಂದ "ಮಾಶಾಅಲ್ಲಾ" ಎಂದರು.

"ಬೋರ್ಡಿನಲ್ಲಿ ಎಂತ ಬರ್ದಿದೆ ಅಂತ ಕೇಳಿ ಸರ್" ಎಂದರು ಲ್ಯಾನ್ಸಿ.

ಕೇಳಿದೆ. ಹಮೂದಜ್ಜ ನೆಟ್ಟಗೆ ನಿಂತರು. "ನಾನು ಬೋರ್ಡು ಓದಲು ಕೊಳ್ಳುತ್ತಿಲ್ಲ. ಜೇನುಹುಳು ಬೋರ್ಡು ಹಾಕಿಕೊಂಡು ಹಾರುತ್ತದೆಯೇ?"

ಲ್ಯಾನ್ಸಿ ನನ್ನ ಕಡೆ ನೋಡಿದರು. ನಾನು ಗಾಳಗಳ ಕಡೆ ನೋಡಿದೆ. ಲ್ಯಾನ್ಸಿ ದನಿ ತಗ್ಗಿಸಿ, "ಇವರಿಗೆ ಸ್ವಲ್ಪ ಕಾಣುದು ಕಡಿಮೆ ಅಲ್ವಾ? ಹೇಳ್ಲಿಕ್ಕೆ ಯಾರೂ ಇಲ್ವಾ ಮನೆಯಲ್ಲಿ?" ಎಂದರು. ಅವರು ಮಾರುವವರು, ಸುಮ್ಮನೆ ಮಾರಿ ಕಳಿಸಬಹುದಿತ್ತು. ನಾನು ಕಣ್ಣಿನವನು, ನನ್ನ ಬಾಯಿಂದ ಬಂದದ್ದು, "ಕಣ್ಣಿಡುವ ಕೊಳವೆ ಮೇಲಕ್ಕೆ ವಾಲಿದ್ದು ಇದ್ದರೆ ತೋರಿಸಿ, ನೆಲದ ಮೇಲೆ ಕೂತು ಬೆಟ್ಟ ನೋಡಲು ಕತ್ತು ನೋಯುವುದಿಲ್ಲ."

ನಾನು ಸಣ್ಣದು ಸಾಕೆಂದೆ, ಹಮೂದಜ್ಜ ದೊಡ್ಡದೇ ಬೇಕೆಂದರು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೆ ಮುಂದಿನ ಗಾಜು ಅವರು ಹೇಳಿದಷ್ಟು ದೊಡ್ಡದು, ಕಣ್ಣಿಡುವ ಕೊಳವೆ ನಾನು ಹೇಳಿದಂತೆ ವಾಲಿದ್ದು, ಹಾಗೆ ರಾಜಿಯಾಯಿತು. ಕಟ್ಟಿಕೊಡುವಾಗ ಲ್ಯಾನ್ಸಿ ಮುಂದಿನ ಗಾಜಿಗೆ ಕಪ್ಪು ಮುಚ್ಚಳ ಒತ್ತಿ, "ಇದನ್ನು ಮಾತ್ರ ಮರೀಬೇಡಿ" ಎಂದರು. ಧೂಳು ಬೀಳದಂತೆ ಹಾಕುವುದನ್ನು ಮರೆಯಬೇಡಿ ಎಂದು ಅವರ ಅರ್ಥ. ತೆಗೆಯುವುದನ್ನು ಮರೆಯುವವರೂ ಇರುತ್ತಾರೆಂದು ಪಾಪ ಅವರಿಗೇನು ಗೊತ್ತು.

ಮುಂದಿನ ಶುಕ್ರವಾರ ಬೆಳಿಗ್ಗೆ ವಾದಿಗೆ ಹೋದೆವು. ಬೆಟ್ಟದ ನೆರಳು ಇನ್ನೂ ನೆಲದ ಮೇಲಿತ್ತು. ಮೊದಲು ಚಾಪೆ, ಖರ್ಜೂರ, ಕಾಫಿ. ಕಾಫಿಯಾಗದೆ ಒಮಾನಿನಲ್ಲಿ ಬೇಟೆಯೂ ಇಲ್ಲ, ಮದುವೆಯೂ ಇಲ್ಲ. ಸಾಲಿಮ್ ಕಾರಿಗೆ ಒರಗಿ ಫೋನಿನಲ್ಲಿ ಮಾತಾಡುತ್ತ ನಮ್ಮ ಕಡೆ ಒಂದು ಕಣ್ಣಿಟ್ಟಿದ್ದ. ನಾನು ದುರ್ಬೀನು ತೆಗೆದು ಸ್ಟ್ಯಾಂಡಿಗೆ ಕೂರಿಸಿದೆ. ಅಷ್ಟರಲ್ಲಿ ಒಂದು ಜೇನುಹುಳು ನನ್ನ ಕಿವಿಯ ಹತ್ತಿರ ಬಂದು ಏನೋ ಹೇಳಿತು. ನಾನು ಎರಡು ಹೆಜ್ಜೆ ಹಾರಿ, ಖರ್ಜೂರದ ತಟ್ಟೆ ತುಳಿದು, ಮತ್ತೆ ಗಂಭೀರವಾಗಿ ನಿಂತೆ. ಹಿರಿಯರು ಮೊದಲು ನೋಡಬೇಕಲ್ಲ, ಹಮೂದಜ್ಜ ಕೂತು ಕಣ್ಣಿಟ್ಟರು.

ಒಂದು ಗಳಿಗೆ ಅವರು ಅಲ್ಲಾಡಲಿಲ್ಲ. ಆಮೇಲೆ ಗಟ್ಟಿಯಾಗಿ, ಸಾಲಿಮ್‌ಗೆ ಕೇಳಿಸುವಂತೆ ಎಂದರು: "ಮಾಶಾಅಲ್ಲಾ! ಅಗೋ, ಬಂಡೆಯ ಸಂದಿಯಲ್ಲಿ. ದೊಡ್ಡ ಗೂಡು. ಹುಳುಗಳು ಒಳಗೆ ಹೋಗುತ್ತಿವೆ, ಹೊರಗೆ ಬರುತ್ತಿವೆ. ಎಷ್ಟು ಸ್ಪಷ್ಟ!"

ನನಗೂ ಸಂತೋಷವಾಯಿತು. ಅಂತೂ ದುರ್ಬೀನು ಗೆದ್ದಿತೆಂದುಕೊಂಡು, ಅವರು ಸರಿದ ಮೇಲೆ ಬಗ್ಗಿ ನೋಡಿದೆ. ಗವ್ವೆನ್ನುವ ಕತ್ತಲು. ಕಣ್ಣು ಬದಲಿಸಿದೆ. ಕತ್ತಲು. ಕೈ ಮುಂದೆ ಚಾಚಿ ತಡವಿದಾಗ ಬೆರಳಿಗೆ ಮುಚ್ಚಳ ಸಿಕ್ಕಿತು.

ಸಾಲಿಮ್ ಫೋನು ಇಳಿಸಿ ಕೂಗಿದ, "ಏನು, ನಿಜವಾಗಿಯೂ ಕಾಣುತ್ತದೆಯೇ?"

ಹಮೂದಜ್ಜ ನನ್ನ ಕಡೆ ತಿರುಗಿ ಕೂತಿದ್ದರು. ಅವರ ಕಣ್ಣಿಗೆ ನಾನು ಮಂಜಿನಲ್ಲೊಂದು ಕಂಬದಂತೆ ಇದ್ದಿರಬೇಕು. ಆದರೂ ಆ ಮುಖದಲ್ಲಿದ್ದದ್ದು ನನಗೆ ಕಂಡಿತು. ಪರೀಕ್ಷೆ ಬರೆದು ಬಂದವರ ಮುಖ. ನಾನು ಮುಚ್ಚಳ ಕಿತ್ತು ಜೇಬಿಗೆ ಹಾಕಿಕೊಂಡೆ. "ಹೌದು, ಬಹಳ ಸ್ಪಷ್ಟ" ಎಂದೆ.

"ಯಲ್ಲಾ, ಹಾಗಾದರೆ ಹೋಗಿ ಬಾ ಅಪ್ಪಾ ಬೆಟ್ಟಕ್ಕೆ" ಎಂದ ಸಾಲಿಮ್. ಅವನ ದನಿಯಲ್ಲೂ ಒಂದು ನಿರಾಳವಿತ್ತು. ತಂದೆಗೆ ಬೇಡವೆನ್ನುವುದು ಯಾವ ಮಗನಿಗೆ ಸುಖ?

ಕಾರು ನಿಜ್ವಾ ಸೇರುವ ಹೊತ್ತಿಗೆ ನಾನು ಮಾಡಿದ್ದೇನೆಂದು ನನಗೆ ಹೊಳೆದಿತ್ತು. ಒಂದು ಸಿಹಿ ಸುಳ್ಳು ಹೇಳಿ, ಕಣ್ಣು ಕಾಣದ ಮನುಷ್ಯನಿಗೆ ಕಡಿದಾದ ಬೆಟ್ಟ ಹತ್ತಲು ಅನುಮತಿ ಕೊಡಿಸಿದ್ದೆ. ಆ ವಾರವಿಡೀ ದವಾಖಾನೆಯ ಬಾಗಿಲು ಸದ್ದಾದಾಗಲೆಲ್ಲ ಸ್ಟ್ರೆಚರ್ ಬಂತೆಂದು ಎದ್ದುನಿಲ್ಲುತ್ತಿದ್ದೆ. ಮನೆಯಲ್ಲಿ ಗಿರಿಜಾಳಿಗೆ ಹೇಳಿದೆ. ಅವಳು ಲಟ್ಟಣಿಗೆ ಕೆಳಗಿಟ್ಟಳು.

"ನೀವು ಮನಿಷ್ಯಾರೇನ್ರಿ? ಮೊದಲ ಹೋಗಿ ಖರೇ ಹೇಳಿ ಬರ್ರಿ."

ಹೋಗಬೇಕೆಂದು ದಿನಾ ಹೊರಡುತ್ತಿದ್ದೆ, ದಿನಾ ಏನೋ ಕೆಲಸ ಅಡ್ಡ ಬರುತ್ತಿತ್ತು. ಹೇಡಿಗೆ ಕೆಲಸಕ್ಕೆ ಕೊರತೆಯೇ? ಏಳನೆಯ ದಿನ ಹಮೂದಜ್ಜ ತಾವೇ ಬಂದರು. ಎರಡೂ ಕಾಲು ಸರಿಯಾಗಿದ್ದವು. ನನ್ನ ಕತ್ತಲೆ ಕೋಣೆಯ ಕುರ್ಚಿಯಲ್ಲಿ ಕೂತು ಕೈ ಚಾಚಿದರು.

"ಮುಚ್ಚಳ ಎಲ್ಲಿ?"

"ಯಾವ ಮುಚ್ಚಳ?"

"ನೀನು ಜೇಬಿಗೆ ಹಾಕಿಕೊಂಡದ್ದು. ಟಪ್ ಎಂದಿತು. ನನಗೆ ಮಂಜಾಗಿರುವುದು ಕಣ್ಣು, ಕಿವಿಯಲ್ಲ."

ಅವರು ನಿಧಾನವಾಗಿ ಹೇಳಿದರು. "ಕಣ್ಣಿಟ್ಟಾಗ ಬರೀ ಕತ್ತಲು. ನನ್ನ ಕಣ್ಣು ಪೂರ್ತಿ ಹೋಯಿತೆಂದು ಎದೆ ನಿಂತಂತಾಯಿತು. ಆದರೂ ಗೂಡು ಕಂಡಿತೆಂದೆ. ಆಮೇಲೆ ಟಪ್ ಎಂದಾಗ ತಿಳಿಯಿತು. ನೀನೀಗ ನಗುತ್ತೀಯ, 'ಏ ಮುದುಕಾ' ಎನ್ನುತ್ತೀಯ ಎಂದು ಕಾದೆ. ನಕ್ಕಿದ್ದರೆ ನಾನೂ ನಗುತ್ತಿದ್ದೆ. ನೀನು ಬಹಳ ಸ್ಪಷ್ಟ ಎಂದೆ. ಆಗ ನನಗೆ ಭಯವಾಯಿತು. ದಿನಕ್ಕೆ ಐವತ್ತು ಜನರ ಮುಖಕ್ಕೆ ಕಣ್ಣು ಸರಿಯಿಲ್ಲವೆಂದು ಹೇಳುವವನು ನೀನು. ನೀನೇ ನನಗೆ ಸುಳ್ಳು ಹೇಳಿದೆಯೆಂದರೆ ನನ್ನ ಕಣ್ಣು ಎಷ್ಟು ಹೋಗಿರಬೇಕು? ಸಾಲಿಮ್ ಹೋಗು ಎಂದ. ಹೊಸಿಲು ದಾಟಲು ನನಗೇ ಆಗಲಿಲ್ಲ."

ನಾನು ತಪ್ಪಾಯಿತು ಎಂದೆ. ಕಣ್ಣಲ್ಲಿ ನೀರು ಬಂದಿತ್ತು, ಕೋಣೆ ಕತ್ತಲಾಗಿದ್ದದ್ದು ಒಳ್ಳೆಯದಾಯಿತು. ಅವರು ಎದ್ದುನಿಂತು, "ಡಾಕ್ಟರಿಗೆ ಹೇಳು, ಕೊಯ್ಯಲಿ" ಎಂದರು. ನಾನು ಮರುದಿನ ಮುಚ್ಚಳ ತಂದು ಕೊಡಹೋದಾಗ ಕೈ ಹಿಂದಕ್ಕೆ ತಳ್ಳಿದರು.

"ಅದು ನಿನ್ನದೇ. ದರ್ಬೀಲ್‌ಗೆ ಧೂಳು ಬಿದ್ದರೆ ಒರೆಸಿಕೊಳ್ಳುತ್ತೇನೆ. ಇನ್ನೊಮ್ಮೆ ಯಾರಿಗಾದರೂ ಹೀಗೆ ಪ್ರೀತಿಯಿಂದ ಸುಳ್ಳು ಹೇಳಬೇಕೆನಿಸಿದರೆ ಬಾಯಿಗೆ ಮುಚ್ಚಿಕೋ."

ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದಾಗ ಅವರು ನನ್ನನ್ನು ಬಹಳ ಹೊತ್ತು ನೋಡಿ, "ನಿನಗೆ ಇಷ್ಟು ವಯಸ್ಸಾಗಿದೆಯೇ? ನಾನು ಹುಡುಗನೆಂದು ತಿಳಿದಿದ್ದೆ" ಎಂದರು. ಆ ಹಂಗಾಮು ತಪ್ಪಿತು, ಮುಂದಿನದು ತಪ್ಪಲಿಲ್ಲ. ಗೂಡು ಹುಡುಕಲು ಅವರಿಗೆ ದುರ್ಬೀನು ಬೇಕಾಗಲೇ ಇಲ್ಲ. ಅದನ್ನು ಮಾಳಿಗೆಯ ಮೇಲೆ ನಿಲ್ಲಿಸಿ, ಐವರು ಗಂಡುಮಕ್ಕಳಲ್ಲಿ ಯಾರು ತೋಟದಲ್ಲಿ ಕೆಲಸ ಮಾಡುತ್ತಿದ್ದಾರೆ, ಯಾರು ಮರದ ಕೆಳಗೆ ಮಲಗಿದ್ದಾರೆ ಎಂದು ನೋಡುತ್ತಾರಂತೆ. ಸಾಲಿಮ್ ವರ್ಷಕ್ಕೊಮ್ಮೆ ಜೇನಿನ ಬಾಟಲಿ ತಂದುಕೊಡುವಾಗ ಇದಕ್ಕಾಗಿ ನನ್ನನ್ನು ಬೈಯುತ್ತಾನೆ.

ಇಷ್ಟೆಲ್ಲ ನೆನೆಯುತ್ತ ಒಗ್ಗರಣೆ ಹಾಕಿ, ಅವಲಕ್ಕಿ ಕಲಸಿ, ಮೂರು ತಟ್ಟೆಗೆ ಬಡಿಸಿದೆ. ಗಿರಿಜಾ ಒಂದು ತುತ್ತು ಬಾಯಿಗಿಟ್ಟುಕೊಂಡಳು. ಅಗಿದಳು. ಮಗಳ ಕಡೆ ಒಂದು ಸಲ ನೋಡಿದಳು.

"ಚಲೋ ಆಗೇತ್ರಿ" ಎಂದಳು.

"ಸೂಪರ್, ಅಪ್ಪಾ. ವೆರಿ ಡಿಫರೆಂಟ್" ಎಂದಳು ಮಗಳು, ಫೋನಿನಿಂದ ತಲೆಯೆತ್ತದೆ.

ನಾನು ಹಿಗ್ಗಿ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಕರಕಲು ಕಹಿ, ಅದರ ಹಿಂದೆ ಒಂದು ಪರಿಚಿತ ವಾಸನೆ. ಅಡುಗೆಮನೆಗೆ ಹೋಗಿ ನೋಡಿದೆ. ಕಪ್ಪು ಮುಚ್ಚಳದ ಡಬ್ಬಿ ಮುಚ್ಚಿದ ಹಾಗೇ ಇತ್ತು. ಅದರ ಪಕ್ಕದ ಡಬ್ಬಿ ತೆರೆದಿತ್ತು. ನಾನು ಚಹಾಪುಡಿಯ ಒಗ್ಗರಣೆ ಹಾಕಿದ್ದೆ.

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಈ ಹೆಂಗಸು ನನ್ನ ಅವಲಕ್ಕಿಯನ್ನು ಒಮ್ಮೆಯೂ ಹೊಗಳಿಲ್ಲ. ಉಪ್ಪು ಸರಿಯಿದ್ದ ದಿನ ಹುಳಿ ಹೆಚ್ಚೆಂದವಳು, ಎರಡೂ ಸರಿಯಿದ್ದ ದಿನ ತಟ್ಟೆ ಸರಿಯಿಲ್ಲವೆಂದವಳು. ಅವಳು ಇವತ್ತು ಚಹಾಪುಡಿಯನ್ನು ನುಂಗಿ ಚಲೋ ಆಗೈತೆಂದಿದ್ದಾಳೆ. ಹಮೂದಜ್ಜನಿಗೆ ಆ ವಾದಿಯಲ್ಲಿ ಆದ ಭಯ ಎಂಥದೆಂದು ನನಗೆ ಎಂಟು ವರ್ಷದ ಮೇಲೆ ಗೊತ್ತಾಯಿತು.

ಸಾಸಿವೆ ಡಬ್ಬಿಯ ಮುಚ್ಚಳ ತೆಗೆದುಕೊಂಡು ಹೊರಗೆ ಬಂದೆ. ಅವಳ ತಟ್ಟೆಯ ಪಕ್ಕದಲ್ಲಿಟ್ಟೆ.

"ತಗೋ. ಇನ್ನ ಮ್ಯಾಲೆ ಇದು ನಿಂದು."

ಗಿರಿಜಾ ಮುಚ್ಚಳ ನೋಡಿದಳು, ನನ್ನನ್ನು ನೋಡಿದಳು. ಬಾಯಲ್ಲಿದ್ದ ಅವಲಕ್ಕಿಯನ್ನು ಕಷ್ಟಪಟ್ಟು ನುಂಗಿ, ನಗಲಾರದೆ ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು, "ರವಿವಾರ ಮುಂಜಾನೆ ಹತ್ತಕ್ಕ ನಿಮ್ಮ ಕಣ್ಣಿಂದು ಅಪಾಯಿಂಟ್‌ಮೆಂಟ್ ಐತ್ರಿ. ಕಾರ್ ನಾ ಹೊಡೀತೀನಿ" ಎಂದಳು.